ಕಲ್ಲು ಮಣ್ಣು ಓದಿ ಏನು ಬಂತು?



ಪ್ಲಸ್ ಟೂ ಮುಗಿಸಿದ ಮಗಳು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತೇನೆ ಎಂದರೆ, 'ಕಲ್ಲು ಮಣ್ಣು ಓದಿ ಏನು ಬಂತು?' ಎನ್ನುತ್ತೇವೆ. ಉತ್ತರ ನಮ್ಮ ಹೊಲದಲ್ಲೇ ಇದೆ.

ಕೃಷ್ಣಗಿರಿ ಸೀಮೆಯ ಅಡಿಬಂಡೆಗೆ ಸುಮಾರು 250 ಕೋಟಿ ವರ್ಷ. ಈ ಗಟ್ಟಿ ಕಲ್ಲು ನೀರು ಹೀರದು. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ, ಮೇಲಿನ ಸವೆದ ಪದರದಲ್ಲಿ. ಅದಕ್ಕೇ ಒಬ್ಬರ ಬೋರಿನಲ್ಲಿ ನೀರು, ಪಕ್ಕದವರದರಲ್ಲಿ ಬರೀ ಧೂಳು. ಸಾಲ ಮಾಡಿ ಕೊರೆಸುವ ಮೊದಲು, ನೆಲಕ್ಕೆ ವಿದ್ಯುತ್ ಹಾಯಿಸಿ ನೀರಿನ ಸುಳಿವು ಹಿಡಿಯುವ ವಿದ್ಯೆ ಈ ಓದಿನಲ್ಲಿದೆ.

ಇನ್ನು ನಮ್ಮ ನದಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಗಡಿ ದಾಟಿದರೆ ತೆನ್‌ಪೆಣ್ಣೈ. ಬೆಂಗಳೂರಿನ ಕೊಳಚೆ ಸೇರಿ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಎದ್ದದ್ದನ್ನು ಕಂಡಿದ್ದೇವೆ. ದೂರಲು ಬಾಯಿ ಸಾಕು. ನೀರಿನಲ್ಲಿ ಏನು, ಎಷ್ಟು ಬೆರೆತಿದೆಯೆಂದು ತೋರಿಸಲು ಪರಿಸರ ವಿಜ್ಞಾನ ಬೇಕು. ಅದನ್ನು ಕಲಿತ ನಮ್ಮ ಮಕ್ಕಳು ಮೇಲಿನೂರಿಗೆ ಕನ್ನಡದಲ್ಲಿ, ಕೆಳಗಿನೂರಿಗೆ ತಮಿಳಿನಲ್ಲಿ ಒಂದೇ ಲೆಕ್ಕ ಒಪ್ಪಿಸಬಲ್ಲರು.

ಅರ್ಜಿ ತುಂಬುವ ದಿನ ಮಗಳನ್ನು ತಡೆಯಬೇಡಿ.