ಮರದ ಮೇಲಣ ಅತಿಥಿಯೂ ಬಂದಳಿಕೆಯೂ



ಮರದ ಕೊಂಬೆಯ ಮೇಲೆ ಬೆಳೆಯುವ ಗಿಡಗಳೆಲ್ಲವೂ ಮರಕ್ಕೆ ಶತ್ರುಗಳಲ್ಲ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ ಸೀತಾಳೆ ದಂಡೆಯೇ ಇದಕ್ಕೆ ನಿದರ್ಶನ. ಮುಂಗಾರಿನ ಆಸುಪಾಸಿನಲ್ಲಿ ನಸುಗೆಂಪು ಚುಕ್ಕೆಗಳುಳ್ಳ ಇದರ ಬಿಳಿಯ ಹೂಗೊಂಚಲುಗಳು ಕೊಂಬೆಗಳಿಂದ ಜೋಲಾಡುವುವು. ಇದರ ಬೇರುಗಳು ತೊಗಟೆಯನ್ನು ಹಿಡಿದುಕೊಂಡಿರುವುವೇ ಹೊರತು ಮರದ ರಸವನ್ನು ಹೀರುವುದಿಲ್ಲ. ಬೇರಿನ ಮೆತ್ತನೆಯ ಹೊದಿಕೆಯು ಮಳೆನೀರನ್ನು ಹಿಡಿದಿಡುವುದು; ಆಹಾರವನ್ನು ಹಸುರೆಲೆಗಳು ತಯಾರಿಸುವುವು. ಮರವು ಇದಕ್ಕೆ ಆಸರೆ ಮಾತ್ರ. ಆದಕಾರಣ ಇದನ್ನು ಕೀಳುವುದರಿಂದ ಮರಕ್ಕೆ ಯಾವ ಲಾಭವೂ ಇಲ್ಲ.

ಯಾಪಲದಿನ್ನಿ ಮೊದಲಾದ ರಾಯಚೂರು ಸೀಮೆಯ ಗ್ರಾಮಗಳು ಕೃಷ್ಣಾ ತುಂಗಭದ್ರೆಗಳ ನಡುವಣ ಒಣ ಬಯಲಿನಲ್ಲಿರುವುವು. ಘಟ್ಟದ ತೇವವನ್ನು ಬಯಸುವ ಆ ಸಸ್ಯಕ್ಕೆ ಇಂತಹ ಹವೆಯು ಒಗ್ಗದು. ಬಯಲುಸೀಮೆಯ ಮಾವು ಬೇವುಗಳನ್ನು ಕಾಡುವುದು ಬಂದಳಿಕೆ. ಇದರ ಹೂವೂ ಚೆಲುವಾದುದೇ. ಆದರೆ ಇದರ ಬೇರು ಕೊಂಬೆಯೊಳಕ್ಕೆ ನಾಟಿ ನೀರನ್ನೂ ಲವಣಗಳನ್ನೂ ಕದಿಯುವುದು. ನಾಟಿದೆಡೆಯಲ್ಲಿ ಕೊಂಬೆಯು ಗಂಟಾಗಿ ಊದಿಕೊಳ್ಳುವುದು. ಅದರ ಮುಂದಣ ಭಾಗವು ಸೊರಗುವುದು, ಫಸಲು ಕುಗ್ಗುವುದು.

ಬಂದಳಿಕೆಯನ್ನು ಕೈಯಿಂದ ಕಿತ್ತರೆ ಸಾಲದು. ಒಳಗುಳಿದ ಬೇರು ಮರಳಿ ಚಿಗುರುವುದು. ಅದರ ಹಣ್ಣು ಮಾಗುವುದಕ್ಕೆ ಮೊದಲೇ, ಗಂಟಿಗಿಂತ ಒಂದು ಅಡಿಯಷ್ಟು ಬುಡದ ಕಡೆಗೆ ಸರಿದು ಕೊಂಬೆಯನ್ನು ಕತ್ತರಿಸತಕ್ಕದ್ದು. ಹಣ್ಣು ತಿಂದ ಹಕ್ಕಿಗಳು ಅಂಟುಳ್ಳ ಬೀಜವನ್ನು ಬೇರೆ ಮರಗಳಿಗೆ ಹಚ್ಚುವುವು. ಒಬ್ಬನು ತನ್ನ ತೋಪನ್ನು ಶುಚಿಮಾಡಿ ನೆರೆಯವನು ಸುಮ್ಮನಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದುದರಿಂದ ಊರವರೆಲ್ಲರೂ ಸೇರಿ, ಎಲ್ಲರ ಹೊಲದ ಬದುಗಳಲ್ಲಿಯೂ ಈ ಕೆಲಸವು ಒಂದೇ ಕಾಲದಲ್ಲಿ ನಡೆಯುವಂತೆ ಏರ್ಪಡಿಸುವುದು ಒಳ್ಳೆಯದು. ಕೊಡಲಿ ಎತ್ತುವ ಮೊದಲು ಗಂಟನ್ನು ನೋಡಿರಿ: ಕಳ್ಳನನ್ನು ಕಡಿಯಿರಿ, ಅತಿಥಿಯನ್ನು ಉಳಿಸಿರಿ.