ಟೆಲಿಮೆಡಿಸಿನ್ ಸೇವೆಗೆ ಸಾರ್ವಜನಿಕ ವಿಮೆಯ ರಕ್ಷಣೆ: ಶಾಸನದ ಅಗತ್ಯ

(ಗ್ರಾಮ ಪಂಚಾಯಿತಿ ಪ್ರತಿನಿಧಿಗಳ ಆರೋಗ್ಯ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ವೆಚ್ಚ ದೊರೆಯುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗಾಗಿ ಹೊಲ ಅಡವಿಡುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆದರೆ ಈ ಮೊತ್ತದ ಬಾಗಿಲು ಮುಖ್ಯವಾಗಿ ತೆರೆಯುವುದು ರೋಗಿ ಆಸ್ಪತ್ರೆಗೆ ದಾಖಲಾದಾಗ. ಕೇಂದ್ರದ ಯೋಜನೆಯ ನಿಯಮದಂತೆ ದಾಖಲಾತಿಗೆ ಮುಂಚಿನ 3 ದಿನ ಹಾಗೂ ಬಿಡುಗಡೆಯ ನಂತರದ 15 ದಿನಗಳ ವೆಚ್ಚ ಅದರಲ್ಲಿ ಸೇರುತ್ತದೆ. ಹದಿನಾರನೆಯ ದಿನದಿಂದ ಏನು? ಸ್ಟೆಂಟ್ ಅಳವಡಿಸಿಕೊಂಡವರು ಬಹುಕಾಲ ಮಾತ್ರೆ ಸೇವಿಸಬೇಕು. ಪಾರ್ಶ್ವವಾಯು ಬಂದವರ ರಕ್ತದೊತ್ತಡವನ್ನು ಆಗಾಗ್ಗೆ ಪರೀಕ್ಷಿಸುತ್ತಲೇ ಇರಬೇಕು. ಮಾತ್ರೆಯ ಪ್ರಮಾಣ ಬದಲಿಸುವ ಐದು ನಿಮಿಷದ ಮಾತಿಗಾಗಿ ರೋಗಿಯೂ ಜೊತೆಗೊಬ್ಬರೂ ನಗರಕ್ಕೆ ಹೋಗಿಬರುತ್ತಾರೆ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿದೀತು. ಅಂದಿನ ಕೂಲಿ ಉಳಿಯದು.

ಇದಕ್ಕೆ ತಾಂತ್ರಿಕ ಪರಿಹಾರ ಈಗಾಗಲೇ ಇದೆ. 2019ರ ನವೆಂಬರ್‌ನಲ್ಲಿ ಆರಂಭವಾದ ಇ-ಸಂಜೀವಿನಿಯ ಮೂಲಕ ಹಳ್ಳಿಯ ಉಪಕೇಂದ್ರದಲ್ಲಿ ಕುಳಿತ ರೋಗಿಯನ್ನು ಸಮುದಾಯ ಆರೋಗ್ಯ ಅಧಿಕಾರಿಯು ದೂರದ ವೈದ್ಯರೊಡನೆ ಸಂಪರ್ಕಿಸಬಹುದು. ಸೇವೆ ಉಚಿತ. ಹಾಗಿದ್ದಲ್ಲಿ ವಿಮೆಯ ಮಾತೇಕೆ ಎಂಬ ಪ್ರಶ್ನೆ ಸಹಜ. ವೈದ್ಯರ ಸಲಹೆ ಉಚಿತವಾದರೂ, ಅವರು ಬರೆದ ಔಷಧ ಕೇಂದ್ರದಲ್ಲಿ ಇಲ್ಲದಿದ್ದರೆ ಅಂಗಡಿಯಲ್ಲಿ ಹಣ ತೆರಬೇಕು. ಅದಕ್ಕಿಂತ ಮುಖ್ಯವಾಗಿ, ಶಸ್ತ್ರಚಿಕಿತ್ಸೆ ಮಾಡಿದ ತಜ್ಞರನ್ನೇ ದೂರದಿಂದ ಸಂಪರ್ಕಿಸುವುದು ತನ್ನ ಹಕ್ಕೆಂದು ಕೇಳಲು ರೋಗಿಗೆ ಶಾಸನದ ಆಸರೆಯಿಲ್ಲ. ಸೇತುವೆ ಕಟ್ಟಿ ಎರಡು ಬದಿಯ ರಸ್ತೆ ಮರೆತ ಕಾಮಗಾರಿಯಂತಿದೆ ಇದು. ಅಂತಹ ಸೇತುವೆಗಳು ಪಂಚಾಯಿತಿಯವರಿಗೆ ಹೊಸತಲ್ಲ.

ಕರ್ನಾಟಕಕ್ಕೆ ಈ ಎರಡು ದಾರಿಗಳೂ ಹಳೆಯವೇ. ಈ ಶತಮಾನದ ಮೊದಲ ವರ್ಷಗಳಲ್ಲೇ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ಆಸ್ಪತ್ರೆಗಳು ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಜೋಡಣೆಯಾದವು. ಬಹುತೇಕ ಅದೇ ವೇಳೆಗೆ, 2003ರಲ್ಲಿ, ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಜಾರಿಗೆ ಬಂದಿತು. ಶಸ್ತ್ರಚಿಕಿತ್ಸೆಯೇ ಅದರ ಮುಖ್ಯ ಭರವಸೆ. ಒಂದು ವೈದ್ಯರನ್ನು ಹತ್ತಿರ ತಂದಿತು, ಇನ್ನೊಂದು ವೆಚ್ಚವನ್ನು ಹೊತ್ತಿತು. ಎರಡನ್ನೂ ಬೆಸೆಯುವ ಕಾನೂನು ಮಾತ್ರ ಬರಲಿಲ್ಲ.

2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಗಳು ವಿಡಿಯೊ, ಧ್ವನಿ ಹಾಗೂ ಲಿಖಿತ ಸಂದೇಶದ ಮೂಲಕ ವೈದ್ಯಕೀಯ ಸಲಹೆ ನೀಡುವುದಕ್ಕೆ ಮಾನ್ಯತೆ ಒದಗಿಸಿದವು. ಅದೇ ವರ್ಷದ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ವೈದ್ಯರ ಸಮಾಲೋಚನಾ ಶುಲ್ಕ ಭರಿಸುವ ಪಾಲಿಸಿಗಳಲ್ಲಿ ಟೆಲಿ ಸಮಾಲೋಚನೆಯನ್ನೂ ಸೇರಿಸುವಂತೆ ಕಂಪನಿಗಳಿಗೆ ಸೂಚಿಸಿತು. ಪಾಲಿಸಿ ಕೊಳ್ಳಬಲ್ಲವರಿಗೆ ಇದರಿಂದ ಅನುಕೂಲವಾಯಿತು. ಸರ್ಕಾರಿ ಕಾರ್ಡನ್ನೇ ನಂಬಿದ ಕುಟುಂಬಕ್ಕೆ ಇದು ಊಟಕ್ಕಿಲ್ಲದ ಉಪ್ಪಿನಕಾಯಿ.

ಸುತ್ತೋಲೆಯೇ ಸಾಲದೇ, ಶಾಸನವೇ ಬೇಕೇ ಎಂಬುದಕ್ಕೆ ಅಮೆರಿಕದ ಅನುಭವವನ್ನು ನೋಡಬಹುದು. ಅಲ್ಲಿನ ವೃದ್ಧರ ಸಾರ್ವಜನಿಕ ವಿಮೆಯಾದ ಮೆಡಿಕೇರ್, ಟೆಲಿಮೆಡಿಸಿನ್ ವೆಚ್ಚ ಭರಿಸಲು 1997ರ ಕಾನೂನಿನಲ್ಲೇ ಅವಕಾಶ ಪಡೆಯಿತು. ಆದರೆ ಬಹುಪಾಲು ಸೇವೆಗಳಿಗೆ ರೋಗಿಯು ಗ್ರಾಮೀಣ ಪ್ರದೇಶದ ನಿಗದಿತ ಆರೋಗ್ಯ ಸಂಸ್ಥೆಗೇ ಬಂದಿರಬೇಕಿತ್ತು. ಮನೆಯಿಂದ ಮಾತನಾಡಿದರೆ ಹಣವಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಆ ನಿರ್ಬಂಧ ಸಡಿಲಗೊಂಡಿತು. ಮಾನಸಿಕ ಆರೋಗ್ಯ ಸೇವೆಗೆ ಮನೆಯಿಂದಲೂ ಅವಕಾಶವನ್ನು ಕಾಯಂಗೊಳಿಸಿದರು. ಉಳಿದ ಸಡಿಲಿಕೆಗಳಿಗೆ ಗಡುವು ಹಾಕಿ ಮತ್ತೆ ಮತ್ತೆ ಮುಂದುವರಿಸಿದರು. 2025ರ ಅಕ್ಟೋಬರ್ 1ರಂದು ಗಡುವು ಮೀರಿ ಅವು ನಿಂತುಹೋದವು, ನವೆಂಬರ್‌ನಲ್ಲಿ ಮರಳಿದವು. ನಡುವಿನ ಆರು ವಾರಗಳಲ್ಲಿ ರೋಗ ಕಾಯುತ್ತ ಕುಳಿತಿರಲಿಲ್ಲ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿಮೆ ಕೇಂದ್ರದ ಪಟ್ಟಿಯಲ್ಲಿದೆ; ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ಪಟ್ಟಿಯಲ್ಲಿವೆ; ಸಾಮಾಜಿಕ ವಿಮೆ ಸಮವರ್ತಿ ಪಟ್ಟಿಯಲ್ಲಿದೆ. ಆದ್ದರಿಂದ ವಿಧಾನಮಂಡಲದ ಕೈ ಕಟ್ಟಿಲ್ಲ. ರಾಜಸ್ಥಾನವು 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆಯನ್ನೇ ಅಂಗೀಕರಿಸಿತು. ಸರ್ಕಾರಿ ಆದೇಶದಿಂದ ಬಂದದ್ದನ್ನು ಮತ್ತೊಂದು ಆದೇಶ ತೆಗೆದುಹಾಕಬಲ್ಲದು. ಕಾಯ್ದೆಯಿಂದ ಬಂದದ್ದನ್ನು ತೆಗೆಯಲು ಸದನದಲ್ಲಿ ಉತ್ತರಿಸಬೇಕು.

ಅಂತಹ ಕಾಯ್ದೆ ವಿಡಿಯೊ ಕರೆಯನ್ನು ಮಾತ್ರ ಸೇವೆಯೆಂದು ಪರಿಗಣಿಸಿದರೆ ಸ್ಮಾರ್ಟ್‌ಫೋನ್ ಇಲ್ಲದ ವೃದ್ಧೆ ಹೊರಗುಳಿಯುತ್ತಾಳೆ. ಸಾಧಾರಣ ಫೋನಿನ ಕರೆ, ಉಪಕೇಂದ್ರದ ನೆರವಿನಿಂದ ನಡೆದ ಸಮಾಲೋಚನೆ, ಅದರಿಂದ ಬರೆಯಲ್ಪಟ್ಟ ಔಷಧ, ಇವು ಮೂರೂ ರಕ್ಷಣೆಯೊಳಗೆ ಇರಬೇಕು. ನಡೆಯದ ಕರೆಗೆ ಬಿಲ್ ಮಾಡುವ ಅಪಾಯವೂ ಉಂಟು. ರೋಗಿಯ ಒಪ್ಪಿಗೆ ಮತ್ತು ದಾಖಲೆಯಿಲ್ಲದೆ ಹಣ ಪಾವತಿಯಾಗಬಾರದು. ಹೊಟ್ಟೆ ಮುಟ್ಟಿ ನೋಡಬೇಕಾದ ಕಾಯಿಲೆಯನ್ನು ಫೋನಿನಲ್ಲಿ ಮುಗಿಸುವಂತೆ ಆಸ್ಪತ್ರೆಗಳನ್ನು ಪ್ರೇರೇಪಿಸುವ ದರಪಟ್ಟಿಯೂ ಬೇಡ.

ಪಂಚಾಯಿತಿಗಳ ಪಾತ್ರ ಇಲ್ಲಿಂದ ಆರಂಭವಾಗುತ್ತದೆ. ಉಪಕೇಂದ್ರದ ವಿದ್ಯುತ್ ಮತ್ತು ಇಂಟರ್‌ನೆಟ್ ಸ್ಥಿತಿಯನ್ನು ಪರಿಶೀಲಿಸುವುದು ಮೊದಲ ಕೆಲಸ. ಬಳಿಕ ಆಶಾ ಕಾರ್ಯಕರ್ತೆಯರ ನೆರವಿನಿಂದ, ಕಳೆದ ಮೂರು ತಿಂಗಳಲ್ಲಿ ಮರುತಪಾಸಣೆಗಾಗಿಯೇ ತಾಲ್ಲೂಕಿನ ಹೊರಗೆ ಪ್ರಯಾಣಿಸಿದವರ ಸಂಖ್ಯೆ, ಹೋದ ಊರು ಮತ್ತು ಆದ ಖರ್ಚನ್ನು ಹೆಸರು ನಮೂದಿಸದೆ ಪಟ್ಟಿ ಮಾಡಿ ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಬೇಕು. ಟೆಲಿ ಸಮಾಲೋಚನೆಯನ್ನು ಶಾಸನದ ಮೂಲಕ ವಿಮೆಯ ವ್ಯಾಪ್ತಿಗೆ ತರುವಂತೆ ಕೋರುವ ನಿರ್ಣಯದೊಂದಿಗೆ ಆ ಪಟ್ಟಿಯನ್ನು ತಾಲ್ಲೂಕು ಪಂಚಾಯಿತಿಯ ಮುಖಾಂತರ ಜಿಲ್ಲಾ ಪಂಚಾಯಿತಿ ಕಚೇರಿಗೆ ಕಳುಹಿಸಿಕೊಡಬೇಕೆಂದು ಕೋರಲಾಗಿದೆ.