ಚಾನೆಲ್ ಎಷ್ಟು ಕಿಲೋದ್ದು?

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



‘ನಿನಗೆ ಗೊತ್ತಿರುವ ಯಾವುದಾದರೂ ಉಪಯೋಗದ ವಿಷಯ ಮಾತಾಡು’ ಅಂತ ಅಧ್ಯಕ್ಷರು ಹೇಳಿದಾಗ, ನಾನು ಆರಿಸಿಕೊಂಡದ್ದು ಅಡುಗೆಮನೆಯ ಡ್ರಾಯರಿನ ಚಾನೆಲ್. ಕೆಲವರು ನಗುತ್ತಿದ್ದೀರಿ. ಎರಡು ವರ್ಷದ ಹಿಂದೆ ಆಗಿದ್ದರೆ ನಾನೂ ನಗುತ್ತಿದ್ದೆ.

ಪುಣೆಯಲ್ಲಿ ನಾವೆಲ್ಲ ಇದನ್ನು ‘ಟ್ರಾಲಿ’ ಅಂತಲೇ ಕರೆಯುತ್ತೇವೆ. ಹೊಸ ಫ್ಲ್ಯಾಟಿಗೆ ಟ್ರಾಲಿ ಮಾಡಿಸುವಾಗ ಲ್ಯಾಮಿನೇಟಿನ ಬಣ್ಣ ಆರಿಸಲು ನಾನು ಮೂರು ವಾರ ತೆಗೆದುಕೊಂಡೆ. ಹಿಡಿಕೆ ಆರಿಸಲು ಎರಡು ಶನಿವಾರ. ಮೂರು ಅಡಿ ಅಗಲದ ದೊಡ್ಡ ಡ್ರಾಯರಿಗೆ ಯಾವ ಚಾನೆಲ್ ಅಂತ ಮಾತ್ರ ಕೇಳಲಿಲ್ಲ. ‘ಸಾಫ್ಟ್ ಕ್ಲೋಸ್ ತಾನೇ?’ ಅಂದೆ. ‘ಹೌದು ತಾಈ’ ಅಂದರು. ‘ಭಾರ ತಡೆಯುತ್ತದಾ?’ ಅಂತ ನಮ್ಮ ಅತ್ತೆ ಕೇಳಿದ್ದಕ್ಕೆ ‘ಕಾಹೀ ಹೋತ್ ನಾಹೀ’ ಅಂದರು, ಏನೂ ಆಗಲ್ಲ ಅಂತ. ಸರಿಯಾದ ಪ್ರಶ್ನೆ ಕೇಳಿದವರು ಅತ್ತೆ ಒಬ್ಬರೇ. ಎಂ.ಟೆಕ್ ಮಾಡಿ, ದಿನವಿಡೀ ಸರ್ವರುಗಳ ಲೋಡ್ ಟೆಸ್ಟಿಂಗ್ ಮಾಡುವ ನಾನು ಸುಮ್ಮನೆ ತಲೆಯಾಡಿಸಿದೆ.

ಒಂದೂವರೆ ವರ್ಷ ಚೆನ್ನಾಗಿತ್ತು. ಆಮೇಲೆ ಡ್ರಾಯರ್ ಮೆತ್ತಗೆ ಮುಚ್ಚುವುದು ನಿಂತು ‘ಧಡ್’ ಅನ್ನತೊಡಗಿತು. ಮುಂದಿನ ಹಲಗೆ ಒಂದು ಕಡೆ ಕೂದಲೆಳೆಯಷ್ಟು ಇಳಿದಿತ್ತು. ನೋಡಿಯೂ ಬಿಟ್ಟೆ. ದೀಪಾವಳಿಗೆ ನಾಲ್ಕು ದಿನ ಇದ್ದಾಗ, ಚಕ್ಕುಲಿಗೆ ಹಿಟ್ಟು ತೆಗೆಯಲು ಅತ್ತೆ ಡ್ರಾಯರ್ ಎಳೆದರು. ಬಲಗಡೆಯ ಚಾನೆಲ್ ಕಿತ್ತು ಬಂತು. ಡ್ರಾಯರಿನ ಮೂಲೆ ಅವರ ಪಾದದ ಮೇಲೆ ಬಿತ್ತು. ಎರಡು ಬೆರಳು ಮುರಿದವು.

ಅವರು ನೆಲದ ಮೇಲೆ ಕೂತು, ಚೆಲ್ಲಿದ ಹಿಟ್ಟಿನ ನಡುವೆ ಹೇಳಿದ ಮೊದಲ ಮಾತು: ‘ನಂದೇ ತಪ್ಪು ನೋಡವಾ, ಜೋರ್ಲೆ ಜಗ್ಗಿಬಿಟ್ಟೆ.’ ಮನೆಯ ಗಂಡಸರ ಮೊದಲ ಪ್ರಶ್ನೆ: ‘ಅದರಲ್ಲಿ ಅಷ್ಟು ತುಂಬಿದ್ದು ಯಾರು?’ ಮರುದಿನ ಬಂದ ಟ್ರಾಲಿಯವರದ್ದೂ ಅದೇ ಪ್ರಶ್ನೆ.

ಆ ರಾತ್ರಿ ನಾನು ಬ್ಯಾಗ್ ತೂಗುವ ತಕ್ಕಡಿ ತೆಗೆದು ಎಲ್ಲವನ್ನೂ ತೂಗಿದೆ. ಅಕ್ಕಿ 10 ಕಿಲೋ, ಜೋಳದ ಹಿಟ್ಟು 5, ಗೋಧಿ ಹಿಟ್ಟು 5, ತೊಗರಿಬೇಳೆ 3, ಸಕ್ಕರೆ, ಬೆಲ್ಲ, ಶೇಂಗಾ ತಲಾ 2, ರವೆ 1, ಅವಲಕ್ಕಿ 1. ಒಟ್ಟು 31. ಸ್ಟೀಲ್ ಡಬ್ಬಿಗಳೇ 5. ಪ್ಲೈವುಡ್ಡಿನ ಖಾಲಿ ಡ್ರಾಯರು ಮುಂದಿನ ಹಲಗೆ ಸೇರಿ 13. ಎಲ್ಲ ಸೇರಿ 49 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆ. ಅಂದರೆ ಒಂದೂವರೆ ಸಿಲಿಂಡರಿಗಿಂತ ಹೆಚ್ಚು ಭಾರ ಆ ಎರಡು ಪಟ್ಟಿಗಳಿಗೆ ಜೋತುಬಿದ್ದಿತ್ತು. ಚಾನೆಲ್ ಮೇಲೆ ಅಚ್ಚಾಗಿದ್ದ ಸಾಮರ್ಥ್ಯ 35. ಅತ್ತೆ ಜೋರಾಗಿ ಎಳೆದಿರಲಿಲ್ಲ, ಹೆಚ್ಚಿಗೆ ತುಂಬಿರಲೂ ಇಲ್ಲ. ಒಂದು ಮನೆಗೆ ಒಂದು ತಿಂಗಳಿಗೆ ಬೇಕಾದಷ್ಟೇ ಇತ್ತು.

ಆಮೇಲೆ ಓದಿ, ಅಂಗಡಿ ಸುತ್ತಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಬರೆದುಕೊಳ್ಳಿ.

ಒಂದು: ಸಾಫ್ಟ್ ಕ್ಲೋಸ್ ಬೇರೆ, ಗಟ್ಟಿತನ ಬೇರೆ. ಸಾಫ್ಟ್ ಕ್ಲೋಸ್ ಅಂದರೆ ಒಂದು ಸ್ಪ್ರಿಂಗ್, ಒಂದು ಡ್ಯಾಂಪರ್. ಮುಚ್ಚುವಾಗ ಕೊನೆಯ ಒಂದೆರಡು ಇಂಚಿನಲ್ಲಿ ಸ್ಪ್ರಿಂಗ್ ಒಳಗೆ ಎಳೆಯುತ್ತದೆ, ಡ್ಯಾಂಪರ್ ವೇಗ ತಗ್ಗಿಸುತ್ತದೆ. ಭಾರ ಹೊರುವುದು ಉಕ್ಕಿನ ಪಟ್ಟಿ, ಅದರೊಳಗಿನ ಗುಂಡು ಅಥವಾ ರೋಲರು, ಮತ್ತು ಸ್ಕ್ರೂಗಳು. ಪಕ್ಕಕ್ಕೆ ಕೂರುವ ಟೆಲಿಸ್ಕೋಪಿಕ್ ಇರಲಿ, ತಳದಲ್ಲಿ ಅಡಗುವ ಅಂಡರ್‌ಮೌಂಟ್ ಇರಲಿ, ಟ್ಯಾಂಡೆಮ್ ಬಾಕ್ಸ್ ಇರಲಿ, ಮೂರೂ ಬೇರೆಬೇರೆ ಸಾಮರ್ಥ್ಯದಲ್ಲಿ ಬರುತ್ತವೆ. ಹೆಸರು ಕೇಳಿ ಒಪ್ಪಬೇಡಿ, ಕಿಲೋ ಕೇಳಿ.

ಎರಡು: ಆ ಅಂಕಿ ಸಾಮಾನ್ಯವಾಗಿ ಒಂದು ಜೋಡಿಗೆ, ಒಂದೊಂದು ಪಟ್ಟಿಗಲ್ಲ. ಡ್ರಾಯರಿನ ಸ್ವಂತ ತೂಕವೂ ಅದರಲ್ಲೇ ಸೇರಬೇಕು. ನಿಮ್ಮ ಲೆಕ್ಕದ ಮೇಲೆ ಕಾಲು ಭಾಗ ಹೆಚ್ಚು ಇಟ್ಟುಕೊಳ್ಳಿ, ಹಬ್ಬದ ತಿಂಗಳು ಇರುತ್ತದಲ್ಲ. ನಮ್ಮ 49ಕ್ಕೆ 12 ಸೇರಿಸಿದರೆ 61, ಹಾಗಾಗಿ 65 ಕಿಲೋದ್ದು ಹಾಕಿಸಿದೆ. ಚಮಚ, ಸೌಟಿನ ಡ್ರಾಯರಿಗೆ ಇದು ಬೇಡ. ಭಾರದ ಚಾನೆಲ್ಲಿನ ಸ್ಪ್ರಿಂಗ್ ಬಿಗಿ, ತೆರೆಯುವಾಗ ಮೊದಲ ಎಳೆತ ಜೋರು ಬೇಕಾಗುತ್ತದೆ. ಕೈಗಂಟು ನೋವಿರುವವರು ಅಂಗಡಿಯಲ್ಲಿ ತಾವೇ ಎಳೆದು ನೋಡಲಿ.

ಮೂರು: ಅಗಲ. ಡ್ರಾಯರ್ ಆಳಕ್ಕಿಂತ ಬಹಳ ಅಗಲವಾದರೆ, ಒಂದು ಮೂಲೆ ಹಿಡಿದು ಎಳೆದಾಗ ಓರೆಯಾಗುತ್ತದೆ. ಎರಡೂ ಬದಿ ಒಟ್ಟಿಗೆ ಚಲಿಸುವಂತೆ ಜೋಡಿಸುವ ಸರಳು ಇರುವ ಚಾನೆಲ್ ಕೇಳಿ. ಇಲ್ಲದಿದ್ದರೆ ಮೂರು ಅಡಿಯದನ್ನು ಒಂದೂವರೆ ಅಡಿಯ ಎರಡು ಡ್ರಾಯರ್ ಮಾಡಿಸಿ. 

ನಾಲ್ಕು: ಸ್ಕ್ರೂ. ಪೂರ್ತಿ ಹೊರಬಂದ ಡ್ರಾಯರಿನ ಭಾರ ಕ್ಯಾಬಿನೆಟ್ಟಿನ ಮುಂದಿನ ಸ್ಕ್ರೂಗಳನ್ನೇ ಕೀಳುತ್ತದೆ. ನಮ್ಮಲ್ಲಿ ಆದದ್ದು ಇದೇ. ತೂತು ಐದಿದ್ದರೂ ಹಾಕಿದ್ದ ಸ್ಕ್ರೂ ಎರಡು, ಅದೂ ಪಾರ್ಟಿಕಲ್ ಬೋರ್ಡಿಗೆ. ಒಳ್ಳೆಯ ಪ್ಲೈವುಡ್ ಇರಲಿ, ತಯಾರಕರು ಹೇಳಿದ ಎಲ್ಲ ತೂತಿಗೂ ಸ್ಕ್ರೂ ಬೀಳಲಿ. ಟ್ರಾಲಿ ಕೂರಿಸುವ ದಿನ ಪಕ್ಕದಲ್ಲಿ ನಿಂತು ಎಣಿಸಿ.

ಐದು: ಎಷ್ಟು ಸಲ ತೆರೆದು ಮುಚ್ಚಿ ಪರೀಕ್ಷಿಸಿದ್ದಾರೆ ಅಂತ ಕೇಳಿ. ದಿನಕ್ಕೆ 20 ಸಲ ಅಂದರೆ ವರ್ಷಕ್ಕೆ 7,300, ಹತ್ತು ವರ್ಷಕ್ಕೆ 73,000. ಅದಕ್ಕಿಂತ ಕಡಿಮೆಯದು ಬೇಡ.

ಕೊನೆಯದು: ಭಾರದ್ದೆಲ್ಲ ಕೆಳಗಿನ ಡ್ರಾಯರಿನಲ್ಲಿ. ಚಾನೆಲ್ಲಿಗೆ ಅಡುಗೆ ಎಣ್ಣೆ ಬಿಡಬೇಡಿ, ಹಿಟ್ಟು ಅಂಟುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮೆತ್ತಗೆ ಮುಚ್ಚುವುದು ನಿಂತರೆ, ಮುಂಭಾಗ ಇಳಿದರೆ, ಅದೇ ದಿನ ಖಾಲಿ ಮಾಡಿ ರಿಪೇರಿಯವರನ್ನು ಕರೆಸಿ. ನನ್ನ ಹಾಗೆ ನೋಡಿಯೂ ಬಿಡಬೇಡಿ.

ಟ್ರಾಲಿಯವರು ಬಂದಾಗ ನಮ್ಮನ್ನು ಬಣ್ಣ ಕೇಳುತ್ತಾರೆ, ಮನೆಯ ಗಂಡಸರನ್ನು ಬಜೆಟ್ ಕೇಳುತ್ತಾರೆ. ಡ್ರಾಯರಿನೊಳಗೆ ಎಷ್ಟು ಕಿಲೋ ಇರುತ್ತದೆ ಅಂತ ಯಾರೂ ಕೇಳುವುದಿಲ್ಲ, ಯಾಕೆಂದರೆ ಅದು ಗೊತ್ತಿರುವವರನ್ನು ಮಾತಿಗೇ ಕೂರಿಸಿಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಅದು ಗೊತ್ತಿದ್ದದ್ದು ಅತ್ತೆಗೆ. ಅವರು ಕೇಳಿದ್ದರು ಕೂಡ.

ಬೆರಳು ಕೂಡಿಕೊಂಡಿವೆ. ಹೊಸ ಚಾನೆಲ್ ಬಂದು ಎಂಟು ತಿಂಗಳಾಯಿತು, ಡ್ರಾಯರ್ ಒಂದಿಷ್ಟೂ ಅಲುಗಾಡಿಲ್ಲ. ಆದರೂ ಅದನ್ನು ಎಳೆಯುವಾಗ ಅತ್ತೆ ಈಗಲೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಅಂದು ಕೇಳದೆ ಬಿಟ್ಟ ಪ್ರಶ್ನೆ ನೆನಪಾಗುತ್ತದೆ. ನೀವು ಕೇಳಿ.